ಸುದ್ದಿಯ ಬೆಲೆ

ಅಕ್ಕಿಗೆ ಬೆಲೆಯುಂಟು, ಉಪ್ಪಿಗೂ ಬೆಲೆಯುಂಟು. ಸುದ್ದಿಗೆ ಬೆಲೆಯುಂಟೆಂದರೆ ಮಾತ್ರ ಜನ ನಗುತ್ತಾರೆ. ಅರಳೀಕಟ್ಟೆಯ ಮೇಲೆ ಪುಕ್ಕಟೆಯಾಗಿ ದೊರೆಯುವ ಪದಾರ್ಥವೆಂದರೆ ಅದೊಂದೇ ತಾನೆ! ಆದರೆ ಮಲಬಾರಿನ ಮೀನುಗಾರ ಈ ಮಾತಿಗೆ ನಗಲಾರ.

1997ರ ಜನವರಿ 14ರಂದು ಕೇರಳದ ವಡಗರದ ದಡದಲ್ಲಿ 11 ಮಂದಿ ಮೀನುಗಾರರು ಮೀನು ತಂದು ನಿಂತಿದ್ದರು. ಕೊಳ್ಳುವವರಿರಲಿಲ್ಲ. ಹಿಡಿದ ಮೀನೆಲ್ಲ ಚೆಲ್ಲಿಹೋಗುವುದರಲ್ಲಿತ್ತು. ಅದೇ ಹೊತ್ತಿನಲ್ಲಿ, 15 ಕಿಲೋಮೀಟರಿನೊಳಗಿನ ನೆರೆಯ ದಡಗಳಲ್ಲಿ 27 ಮಂದಿ ಕೊಳ್ಳುವವರು ಮೀನು ಸಿಕ್ಕದೆ ಬರಿಗೈಯಲ್ಲಿ ಹೊರಟು ನಿಂತಿದ್ದರು. ಇಬ್ಬರ ನಡುವೆ ಕೊರತೆಯಾಗಿದ್ದುದು ಒಂದೇ ಒಂದು ಮಾತು.

ಮಂಗಳೂರಿನವರು ಬೂತಾಯಿಯೆಂದು ಕರೆಯುವ ಮೀನೇ ಮಲಯಾಳಿಗಳ ಮತ್ತಿ. ಬಡವರ ಅನ್ನಕ್ಕೆ ರುಚಿ ಕೊಡುವ ಮೀನು, ಬಹುಬೇಗ ಕೆಡುವ ಮೀನು. ದಡದ ಮೀನುಪೇಟೆ ಬೆಳಗಿನ ಕೆಲವೇ ಗಂಟೆಗಳದು. ಎಣ್ಣೆ ಸುಟ್ಟು ಮತ್ತೊಂದು ದಡಕ್ಕೆ ಹೋಗಿ ವಿಚಾರಿಸುವಷ್ಟರಲ್ಲಿ ವ್ಯಾಪಾರವೇ ಮುಗಿದಿರುತ್ತಿತ್ತು. ಆದುದರಿಂದ ಬಹುಮಂದಿ ತಮ್ಮೂರ ದಡವನ್ನೇ ನಂಬಿ ಕುಳಿತಿದ್ದರು.

1997ರಿಂದ 2000ದವರೆಗೆ ಮೊದಲು ಕಲ್ಲಿಕೋಟೆಗೆ, ಅನಂತರ ಕಣ್ಣೂರಿಗೆ, ಕೊನೆಗೆ ಕಾಸರಗೋಡಿಗೆ ಮೊಬೈಲ್ ಫೋನು ಬಂದಿತು. ಕರಾವಳಿಯ ಗೋಪುರಗಳ ಸಂಕೇತ ಕಡಲಿನ ಮೇಲೂ 20–25 ಕಿಲೋಮೀಟರು ಮುಟ್ಟುತ್ತಿತ್ತು. ದೋಣಿಯಲ್ಲಿದ್ದುಕೊಂಡೇ ಬೆಲೆ ಕೇಳಿ, ಅನುಕೂಲವಾದ ದಡಕ್ಕೆ ತಿರುಗುವ ಉಪಾಯ ಬೆಸ್ತರ ಕೈಗೆ ದೊರೆಯಿತು. ಇದನ್ನು ಹತ್ತಿರದಿಂದ ಪರಿಶೀಲಿಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ತನ್ನ ಲೆಕ್ಕವನ್ನು ಪ್ರಕಟಿಸಿದ. ಮೊದಲು ಶೇಕಡಾ 5ರಿಂದ 8ರಷ್ಟು ಮೀನು ವ್ಯರ್ಥವಾಗುತ್ತಿದ್ದುದು ನಿಂತುಹೋಗಿತ್ತು. ಮೀನುಗಾರರ ಲಾಭ ಸುಮಾರು ಶೇಕಡಾ 8ರಷ್ಟು ಏರಿತ್ತು. ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿದಿತ್ತು. ಫೋನಿಲ್ಲದವನಿಗೂ ಒಂದು ಪಾಲು ಲಾಭ ಸಂದಿತ್ತು.

ಮಾರುವವನು ಗೆದ್ದರೆ ಕೊಳ್ಳುವವನ ಜೇಬು ಹಗುರಾಗುವುದು ಲೋಕದ ವಾಡಿಕೆ. ಇಲ್ಲಿ ಇಬ್ಬರೂ ಗೆದ್ದುದು ಹೇಗೆ? ಹಿಂದೆ ಯಾರಿಗೂ ದಕ್ಕದೆ ಕೊಳೆತು ಹೋಗುತ್ತಿದ್ದ ಪಾಲನ್ನೇ ಇಬ್ಬರೂ ಹಂಚಿಕೊಂಡಿದ್ದರು. ಭೂಮಿಯನ್ನೋ ಚಿನ್ನವನ್ನೋ ಕೊಟ್ಟವನ ಬಳಿ ಅದು ಉಳಿಯುವುದಿಲ್ಲ. ತಿಳಿವಳಿಕೆ ಮಾತ್ರ ಕೊಟ್ಟವನಲ್ಲಿಯೂ ಉಳಿಯುತ್ತದೆ. 1990ರಲ್ಲಿ ಪಾಲ್ ರೋಮರ್ ಈ ಗುಣವನ್ನೇ ಆರ್ಥಿಕ ಬೆಳವಣಿಗೆಯ ಬುಡದಲ್ಲಿಟ್ಟು ಸಿದ್ಧಾಂತ ಕಟ್ಟಿದ. 2018ರಲ್ಲಿ ನೊಬೆಲ್ ಪಾರಿತೋಷಕದ ಗೌರವ ಅವನಿಗೆ ಸಂದಿತು. ವಿದ್ಯೆ ಕೊಟ್ಟಷ್ಟೂ ಬೆಳೆಯುವ ಧನವೆಂಬುದನ್ನು ಕನ್ನಡದ ಮಕ್ಕಳು ಹಿರಿಯರ ಬಾಯಿಂದ ಬಹುಕಾಲದಿಂದ ಕೇಳುತ್ತಲೇ ಬಂದಿದ್ದಾರೆ.

ಆದರೂ ಸುದ್ದಿ ಕಡಲಿಗೆ ಒಂದು ಮೀನನ್ನೂ ಕೂಡಿಸಲಾರದು. 2012ರ ಬಳಿಕ ಕೇರಳದ ಬಲೆಗಳಿಗೆ ಬೀಳುವ ಮತ್ತಿಯ ಪ್ರಮಾಣ ತೀವ್ರವಾಗಿ ಇಳಿಯಿತು. ಬರಿದಾದ ದೋಣಿಯವನು ಯಾವ ದಡದ ಬೆಲೆ ಕೇಳಿ ಏನು ಫಲ? ನೀರಿನ ಬಿಸಿ, ಮೀನು ಮೊಟ್ಟೆಯಿಡುವ ಕಾಲ, ಎಷ್ಟು ಹಿಡಿದರೆ ಸಂತಾನ ಉಳಿದೀತೆಂಬ ಲೆಕ್ಕ, ಇವನ್ನು ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಭ್ಯಸಿಸುತ್ತಿದ್ದಾರೆ. ಬೆಲೆಯ ಸುದ್ದಿ ತಲುಪಿದಷ್ಟೇ ಸುಲಭವಾಗಿ ಆ ವಿದ್ಯೆಯೂ ದೋಣಿಯನ್ನು ತಲುಪಿದರೆ, ಇಂದಿನ ಬೆಸ್ತನ ಮಗನ ಬಲೆಗೂ ಕೆಲಸವಿದ್ದೀತು.