ಹೊಗೆಗೊಂದು ಟೊಪ್ಪಿಗೆ

ಮನೆಗೆ ಬಂದವರು ಅಂಗಳ ನೋಡುತ್ತಾರೆ, ತುಳಸಿಕಟ್ಟೆ ನೋಡುತ್ತಾರೆ, ಸಲುಗೆಯಿದ್ದವರು ಅಡುಗೆಮನೆಗೂ ಇಣುಕುತ್ತಾರೆ. ಮಾಡಿನ ಮೇಲಿನ ಹೊಗೆ ಕೊಳವೆಗೆ ಟೊಪ್ಪಿಗೆ ಇದೆಯೇ ಎಂದು ನೋಡಿದವರನ್ನು ನಾನು ಕಂಡಿಲ್ಲ. ನಾನು ಮಾತ್ರ ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ಅದನ್ನೇ ನೋಡುತ್ತೇನೆ. 'ಇವಳಿಗೆ ಮಾಡಿನ ಮೇಲೆ ಏನು ಕೆಲಸ?' ಎಂದು ನಗುವವರಿಗೆ ಈ ಕತೆ ಹೇಳುತ್ತೇನೆ.

ಅಂಕೋಲೆಯ ನಮ್ಮ ಮನೆಗೆ ಹೊಗೆಯಿಲ್ಲದ ಒಲೆ ಬಂದದ್ದು 1988ರ ಬೇಸಿಗೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ವಿಭಾಗದವರು ಹಳ್ಳಿಯ ಅಡುಗೆಮನೆಗಳಿಗಾಗಿ ರೂಪಿಸಿದ್ದ ಒಲೆ. ಬೆಂಕಿಯ ಬಾಯಿ ಒಂದೇ, ಪಾತ್ರೆ ಮೂರು. ಹೊಗೆ ಹಿಂದಿನ ಸಿಮೆಂಟು ಪೈಪಿನಿಂದ ಮಾಡು ದಾಟಿ ಹೋಗುತ್ತಿತ್ತು. ಊದುಕೊಳವೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡಿದ್ದ ಅತ್ತೆ ಮೊದಲ ದಿನ ಒಲೆಯ ಮುಂದೆ ಕುಳಿತು, ಕಣ್ಣು ಒರೆಸಿಕೊಳ್ಳದೆಯೇ ಬಂಗಡೆ ಸಾರು ಕುದಿಸಿದರು. ಹೊಗಳುವುದು ಅವರ ಜಾಯಮಾನವಲ್ಲ. 'ಅಡ್ಡಿಲ್ಲ' ಎಂದರು. ನಮಗೆ ಅಷ್ಟೇ ಸಾಕಿತ್ತು.

ಒಲೆ ಕಟ್ಟಿದವನು ಪೈಪಿನ ನೆತ್ತಿಗೆ ತಗಡಿನದೊಂದು ಟೊಪ್ಪಿಗೆಯನ್ನೂ ಇಟ್ಟುಹೋಗಿದ್ದ. ಮಳೆಗಾಲಕ್ಕೆ ಮುಂಚೆ ಹಂಚು ತಿರುವಿ ಹಾಕುವಾಗ ಅದನ್ನು ತೆಗೆದು ಕೆಳಗಿಟ್ಟರು. ಮತ್ತೆ ಮೇಲಿಡುವುದು ಯಾರಿಗೂ ನೆನಪಾಗಲಿಲ್ಲ. ನಾಲ್ಕು ವರ್ಷದ ನನ್ನ ಮಗಳು ಅದನ್ನು ಬೋರಲು ಹಾಕಿ ತನ್ನ ಆಟದ ಬಾಣಲೆ ಮಾಡಿಕೊಂಡಳು. 'ಆಡಲಿ ಬಿಡು, ಚಂದಕ್ಕೆ ಇಟ್ಟದ್ದು' ಎಂದರು ಇವರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮಿರ್ಗ ಹಿಡಿಯಿತು. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತಲ್ಲ, ಕೊಡೆಯ ಕೆಳಗೂ ನೆನೆಸುವಂಥದ್ದು. ಎರಡನೆಯ ದಿನ ಪೈಪಿನಿಂದ ಕಪ್ಪು ನೀರು ಇಳಿದು ಒಲೆಯೊಳಗೆ ಸೇರಿತು. ಮಣ್ಣು ಕರಗಿತು. ನೆನೆದು ತಣ್ಣಗಾದ ಕೊಳವೆ ಹೊಗೆಯನ್ನು ಮೇಲೆಳೆಯಲಿಲ್ಲ. ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಹೊಗೆ ತಿರುಗಿ ನಮ್ಮ ಮುಖಕ್ಕೇ ಬಂತು. 'ನೋಡು ತಂಗಿ, ಮೊದ್ಲಿನ ಹೊಗೆ ಹಂಚಿನ ಸಂದಿಂದ ಆದ್ರೂ ಹೊರಗೆ ಹೋಗ್ತಿತ್ತು. ಇದು ಮಳೆಯನ್ನೂ ಒಳಗೆ ಕರಕೊಂಡು ಬಂತು' ಎಂದ ಅತ್ತೆ, ಒಲೆ ಒಡೆಯಲು ಗುದ್ದಲಿ ಕೇಳಿದರು.

ಅಂದು ಗುದ್ದಲಿ ತಪ್ಪಿಸಲು ನಾನು ಇವರಿಂದ ಪೈಪಿನ ಮೇಲೊಂದು ಹಳೆಯ ಮಡಕೆ ಕವುಚಿಸಿದೆ. ಮಳೆ ನಿಂತಿತು, ಹೊಗೆಯೂ ನಿಂತಿತು! ತಲೆಗೆ ಮುಂಡಾಸು ಕಟ್ಟುವ ಬದಲು ಮೂಗಿಗೇ ಕಟ್ಟಿದಂತಾಗಿತ್ತು. ಕೊನೆಗೆ ಮಗಳ ಬಾಣಲೆಯನ್ನೇ ಅತ್ತು ಕರೆಸಿ ಕಿತ್ತುಕೊಂಡು, ಮೂರು ಕಾಲು ಹಚ್ಚಿಸಿ ಮೇಲೇರಿಸಿದೆವು. ಒಲೆ ಉಳಿಯಿತು.

ಆದರೆ ನಮ್ಮದು ಉಪ್ಪಿನ ಗಾಳಿಯ ಊರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿ ಹೆಸರಾದ ಅಂಕೋಲೆಯಲ್ಲಿ ಉಪ್ಪಿಗೆ ತಗಡಿನ ಮೇಲೂ ಅಧಿಕಾರವಿದೆ. ಕೆಲವು ಮಳೆಗಾಲಗಳಲ್ಲೇ ತಗಡು ತುಕ್ಕು ಹಿಡಿದು ಹಪ್ಪಳದಂತಾಗುತ್ತಿತ್ತು. ಒಂದು ಹೋದರೆ ಇನ್ನೊಂದು ಇಡಿಸುತ್ತಿದ್ದೆವು. ಅಷ್ಟರಲ್ಲಿ ಗ್ಯಾಸು ಬಂತು. ಅಡುಗೆಮನೆಯ ಪೈಪು ಬಚ್ಚಲ ಹಂಡೆಯ ಒಲೆಗೆ ವರ್ಗವಾಯಿತು. ಬಚ್ಚಲಲ್ಲವೇ ಎಂದು ಟೊಪ್ಪಿಗೆಯ ಗೋಜಿಗೆ ಯಾರೂ ಹೋಗಲಿಲ್ಲ.

2009ರಲ್ಲಿ ಅದೇ ಮಗಳು ಬಾಣಂತನಕ್ಕೆ ಬಂದಿದ್ದಳು. ಬೇಸಿಗೆಯಿಡೀ ತಣ್ಣೀರ ಸ್ನಾನವಾದ್ದರಿಂದ ಒಲೆ ಹೊತ್ತಿರಲಿಲ್ಲ. ಆ ಬಿಡುವಿನಲ್ಲಿ ಮೈನಾ ಹಕ್ಕಿ ಪೈಪಿನೊಳಗೆ ಗೂಡು ಕಟ್ಟಿದ್ದು ನಮಗೆ ತಿಳಿಯದು. ಜೂನಿನಲ್ಲಿ ಬಾಣಂತಿಗೆಂದು ಹಂಡೆಗೆ ಬೆಂಕಿ ಹಾಕಿದೆ. ತುಸು ಹೊಗೆಯಾಯಿತು, ಹಸಿ ಸೌದೆ ಎಂದುಕೊಂಡೆ. ಸೌದೆ ಕೆಂಡವಾದ ಮೇಲೆ ಹೊಗೆಯೂ ಕಾಣಲಿಲ್ಲ. ಬಾಣಂತಿಗೆ ಗಾಳಿ ತಾಗಬಾರದಲ್ಲ, ಕಿಟಕಿಗೆ ಗೋಣಿ ತುರುಕಿ, ಬಾಗಿಲು ಹಾಕಿ ಅತ್ತೆ ನೀರು ಹಾಕತೊಡಗಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಅಜ್ಜಿ, ತಲೆ ತಿರುಗ್ತದೆ' ಎಂಬ ಮಾತು ಕೇಳಿತು. ಹಿಂದೆಯೇ ಬಾಗಿಲು ದಢಾರನೆ ತೆರೆಯಿತು. ಎಂಬತ್ತರ ಹತ್ತಿರದ ಅತ್ತೆ ಮೊಮ್ಮಗಳನ್ನು ಎಳೆದುಕೊಂಡೇ ಹೊರಗೆ ಬಂದು ಜಗುಲಿಯ ಮೇಲೆ ಕುಸಿದರು. ಮಗು ತೊಟ್ಟಿಲಲ್ಲಿತ್ತು, ದೇವರು ದೊಡ್ಡವನು.

ಆಸ್ಪತ್ರೆಯಲ್ಲಿ ವೈದ್ಯರು ವಿವರಿಸಿದರು: ಗಾಳಿ ಸಾಲದೆ ಉರಿಯುವ ಬೆಂಕಿ, ಕೆಂಡ ಕೂಡ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ರಕ್ತ ಸೇರಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಇಬ್ಬರೂ ಚೇತರಿಸಿಕೊಂಡರು. ಬಾಗಿಲು ಇನ್ನಷ್ಟು ಹೊತ್ತು ಹಾಕಿಯೇ ಇದ್ದಿದ್ದರೆ ಎಂಬುದನ್ನು ನಾನು ಇಂದಿಗೂ ಪೂರ್ತಿ ಯೋಚಿಸುವುದಿಲ್ಲ.

ಆ ವಾರವೇ ಪೈಪನ್ನೂ ಬದಲಿಸಿದೆವು. ಹಳೆಯ ಸಿಮೆಂಟು ಪೈಪಿನ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನು ಕೊರೆಯುವುದು, ಕೆರೆಯುವುದು ಬೇಡ ಎಂದರು. ಹೊಸ ಟೊಪ್ಪಿಗೆಯನ್ನು ನಾನೇ ಎದುರು ನಿಂತು ಮಾಡಿಸಿದೆ. ನಿಮಗೂ ಬೇಕಾದೀತೆಂದು ಹೇಳುತ್ತೇನೆ. ಸಮುದ್ರದ ಹತ್ತಿರದವರು ತಗಡಿಗಿಂತ ಒಳ್ಳೆಯ ಸ್ಟೀಲಿಗೇ ದುಡ್ಡು ಹಾಕಿ. ಟೊಪ್ಪಿಗೆ ಪೈಪಿಗಿಂತ ಸುತ್ತಲೂ ಎರಡಂಗುಲವಾದರೂ ಅಗಲವಿರಲಿ. ಮಳೆ ಓರೆಯಾಗಿಯೂ ಬರುತ್ತದೆ. ಪೈಪಿನ ಬಾಯಿಗೂ ಟೊಪ್ಪಿಗೆಗೂ ನಡುವೆ ಬಾಯಿಯ ಅಗಲದ ಅರ್ಧದಷ್ಟಾದರೂ ಸಂದಿ ಬೇಕು. ನಾಲ್ಕಂಗುಲದ ಪೈಪಿಗೆ ಎರಡಂಗುಲಕ್ಕೆ ಕಡಿಮೆ ಬೇಡ. ಸುತ್ತ ಹಕ್ಕಿ ನುಗ್ಗದಂತೆ ಜಾಳಿಗೆ ಇರಲಿ, ಆದರೆ ತೀರ ಸಣ್ಣ ಕಣ್ಣಿನದು ಬೇಡ, ಮಸಿ ಕಟ್ಟಿ ಅದೇ ಮುಚ್ಚಳವಾಗುತ್ತದೆ. ಬಿಚ್ಚಿ ತೊಳೆಯುವಂತಿರಲಿ. ಪೈಪಿನ ತುದಿ ಮಾಡಿನ ನೆತ್ತಿಗಿಂತ ಎತ್ತರವಿರಲಿ. ಟೊಪ್ಪಿಗೆ ಇದ್ದರೂ ಬಚ್ಚಲಿನ ಕಿಟಕಿ ಮುಚ್ಚಬೇಡಿ; ಬಾಣಂತಿಗೆ ತಾಗುವ ಗಾಳಿಗಿಂತ ತಾಗದ ಗಾಳಿಯೇ ಹೆಚ್ಚು ಅಪಾಯ.

ಅತ್ತೆ ಈಗಿಲ್ಲ. ಬಚ್ಚಲ ಒಲೆ ಇದೆ. ಪ್ರತಿ ವರ್ಷ ಮಿರ್ಗಕ್ಕೆ ಮುಂಚೆ ಹುಡುಗನೊಬ್ಬನನ್ನು ಮಾಡು ಹತ್ತಿಸಿ, ಮಸಿ ತೆಗೆಸುತ್ತೇನೆ. ಕೆಳಗೆ ನಿಂತು, 'ಟೊಪ್ಪಿಗೆ ನೆಟ್ಟಗೆ ಅದ್ಯನೋ?' ಎಂದು ಕೂಗುತ್ತೇನೆ. ಮೇಲಿನಿಂದ 'ಹೂಂ' ಬಂದ ಮೇಲೆಯೇ ಒಲೆಗೆ ಮೊದಲ ಕಡ್ಡಿ ಗೀರುವುದು.