ಅಕ್ಷರ ತಪ್ಪಿದ ಕಥೆ

ನಮ್ಮ ತಾಯಿಯವರು ದೈವಾಧೀನರಾಗಿ ಆರು ವರುಷಗಳಾದುವು. ಅವರು ಹಾಡುತ್ತಿದ್ದ ಆರತಿಯ ಹಾಡು, ಶೋಭಾನೆ, ಬೀಸುವ ಪದಗಳನ್ನು ನಾವು ಧ್ವನಿಮುದ್ರಿಸಿ, ಗಣಕಯಂತ್ರಕ್ಕೆ ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕಿನಲ್ಲಿ ಇರಿಸಿದ್ದೆವು. ಶ್ರಾದ್ಧದ ದಿನ ಸಂಜೆ ಮನೆಮಂದಿಯೆಲ್ಲ ಕುಳಿತು ಅವನ್ನು ಕೇಳುವುದು ನಮ್ಮಲ್ಲಿ ವಾಡಿಕೆ.

ಈ ವರುಷ ಹಾಡುಗಳ ಪಟ್ಟಿಯನ್ನು ತೆರೆದರೆ, ಒಂದಾದರೂ ಹಾಡಲೊಲ್ಲದು. ಒಂದೊಂದಕ್ಕೂ 'ಫೈಲ್ ಸಿಕ್ಕಲಿಲ್ಲ' ಎಂಬುದೇ ಉತ್ತರ. ಬೇರೆ ಪ್ರತಿಯನ್ನು ನಾವು ಮಾಡಿಟ್ಟಿರಲಿಲ್ಲ. ನಮ್ಮ ಮನೆಯವರ ಕಣ್ಣು ತುಂಬಿತು. ಬಂದಿದ್ದ ಮಿತ್ರರೊಬ್ಬರು, "ಡಿಸ್ಕು ಕೆಟ್ಟಿರಬೇಕು, ಫಾರ್ಮ್ಯಾಟ್ ಮಾಡಿರಿ, ಸರಿಹೋದೀತು" ಎಂದರು. ಮಗನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟನ್ನು ತೆರೆದೇಬಿಟ್ಟನು. ಅಷ್ಟರಲ್ಲಿ ಮಗಳು, "ತಾಳಪ್ಪಾ! ಪಟ್ಟಿಯಲ್ಲಿ 'ಇ' ಎಂದಿದೆ. ಅಜ್ಜಿಯ ಡಿಸ್ಕಿಗೆ ಇಲ್ಲಿ 'ಎಫ್' ಎಂದಿದೆಯಲ್ಲಾ!" ಎಂದಳು.

ವಿಷಯವಿಷ್ಟೆ. ಹೊಸದಾಗಿ ಬಂದ ಡಿಸ್ಕಿಗೆ ವಿಂಡೋಸು ತೆರವಾಗಿರುವ ಒಂದು ಅಕ್ಷರವನ್ನು ಕೊಡುತ್ತದೆ. ನಮ್ಮ ಡಿಸ್ಕು ಕಪಾಟಿನಲ್ಲಿದ್ದಾಗ ಮಗನ ಪೆನ್ ಡ್ರೈವು ಬಂದು 'ಇ' ಎಂಬ ಸ್ಥಾನದಲ್ಲಿ ಕುಳಿತಿತು. ಹಾಡುಗಳು ಎಲ್ಲಿಯೂ ಹೋಗಿರಲಿಲ್ಲ. ಪಟ್ಟಿಯು ಹಳೆಯ ವಿಳಾಸವನ್ನು ಹಿಡಿದು ಬೇರೆಯವರ ಬಾಗಿಲನ್ನು ತಟ್ಟುತ್ತಿದ್ದಿತು. ಮೊದಲು ಡಿಸ್ಕನ್ನೇ ತೆರೆದು ನೋಡಿದ್ದರೆ ಇಷ್ಟು ಗಾಬರಿಗೆ ಕಾರಣವೇ ಇರಲಿಲ್ಲ.

ಪೆನ್ ಡ್ರೈವನ್ನು ತೆಗೆದೆವು. ಡಿಸ್ಕಿನ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ಡ್ರೈವಿನ ಅಕ್ಷರವನ್ನು ಬದಲಿಸುವ ಸಾಲನ್ನು ಆರಿಸಿ, 'ಎಫ್' ಇದ್ದೆಡೆ 'ಇ' ಎಂದು ಕೊಟ್ಟೆವು. ಅಕ್ಷರ ಬದಲಾದ ಮಾತ್ರಕ್ಕೆ ಒಳಗಿನ ಸರಕು ಅಳಿಯುವುದಿಲ್ಲ. ಆದರೆ ವಾಚಕರು ಒಂದನ್ನು ಗಮನಿಸತಕ್ಕದ್ದು: ಫಾರ್ಮ್ಯಾಟ್ ಎಂಬುದು ಆ ಸಾಲಿನ ಕೆಳಗೇ ಇದೆ. ಕೈ ಒಂದು ಸಾಲು ಜಾರಿ, ಕೇಳಿದ ಪ್ರಶ್ನೆಗೆಲ್ಲ ಹೂಂಗುಟ್ಟಿದರೆ ಅನರ್ಥವಾದೀತು. ವಿಂಡೋಸು ತಾನೇ ನೆಲೆಸಿರುವ 'ಸಿ'ಯ ಗೊಡವೆಗಂತೂ ಹೋಗಲಾಗದು.

'ಸಿ'ಯಿಂದಲೇ ಏಕೆ ಮೊದಲೆಂದು ಮಗಳು ಕೇಳಿದಳು. 1981ರಲ್ಲಿ ಐಬಿಎಂ ಪಿಸಿ ಬಂದಾಗ 'ಎ', 'ಬಿ' ಎರಡೂ ಫ್ಲಾಪಿಗಳಿಗೆ ಮೀಸಲಾಗಿದ್ದುವು. ತರುವಾಯ ಬಂದ ಹಾರ್ಡ್ ಡಿಸ್ಕಿಗೆ ಮೂರನೆಯ ಅಕ್ಷರ ದೊರೆಯಿತು. ಫ್ಲಾಪಿಗಳು ಮನೆಗಳಿಂದ ಮರೆಯಾದರೂ ಅವುಗಳ ಮಣೆಗಳು ಇಂದಿಗೂ ಸಾಮಾನ್ಯವಾಗಿ ಖಾಲಿಯೇ ಇರುತ್ತವೆ.

ಪಟ್ಟಿಯನ್ನು ಮತ್ತೆ ಒತ್ತಿದೆವು. ತಾಯಿಯವರು ಒಮ್ಮೆ ಕೆಮ್ಮಿ, "ಹಾಡಲೇನೋ?" ಎಂದು ಕೇಳಿ, ಹಾಡತೊಡಗಿದರು. ಯಾರೂ ಮಾತನಾಡಲಿಲ್ಲ. ಅಂದು ರಾತ್ರಿಯೇ ಇನ್ನೊಂದು ಪ್ರತಿಯನ್ನು ಮಾಡಿ ತಂಗಿಯ ಮನೆಗೆ ಕಳುಹಿಸಿದೆವು. ಆರು ವರುಷಗಳ ಹಿಂದೆಯೇ ಮಾಡಬೇಕಾಗಿದ್ದ ಕೆಲಸವದು.