ಡಬ್ಬಿಯ ಮೇಲಿನ ಎರಡನೇ ಚೀಟಿ

ಮೀನು ಕೊಳ್ಳುವ ವಿದ್ಯೆ ಕಲಿಸಿದವರು ಅಪ್ಪ. ಕಿವಿರು ಎತ್ತಿ ನೋಡಬೇಕು, ಕೆಂಪಗಿರಬೇಕು. ಕಣ್ಣು ಹೊಳೆಯಬೇಕು. ಬೆರಳಿನಿಂದ ಒತ್ತಿದರೆ ಕುಳಿ ಬೀಳಬಾರದು. ಖಾನಾಪುರದಿಂದ ಬೆಳಗಾವಿಗೆ ಬಂದಾಗಲೆಲ್ಲ ಮೀನು ಮಾರುಕಟ್ಟೆಗೆ ಹೋಗದೆ ಅವರು ಬಸ್ಸು ಹತ್ತುತ್ತಿರಲಿಲ್ಲ. ಕಡಲಿಲ್ಲದ ನಮ್ಮ ಸೀಮೆಗೆ ಮೀನು ಬರುವುದು ಗೋವಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ.

2018ರ ಜುಲೈನಲ್ಲಿ ಈ ವಿದ್ಯೆಗೇ ಕುತ್ತು ಬಂತು. ಮಡಗಾಂವದ ಸಗಟು ಮಾರುಕಟ್ಟೆಯ ಮೀನಿನಲ್ಲಿ ಫಾರ್ಮಲಿನ್ ಇದೆಯೆಂದು ಗುಲ್ಲೆದ್ದು, ಗೋವಾ ಸರಕಾರ ಹೊರರಾಜ್ಯಗಳ ಮೀನನ್ನು ಹದಿನೈದು ದಿನ ನಿಷೇಧಿಸಿತು. ಹೆಣ ಕೆಡದಂತೆ ಇಡಲು ಬಳಸುವ ದ್ರಾವಣವದು. ಅದು ತಾಗಿದ ಮೀನು ಹಳತಾದರೂ ಗಟ್ಟಿಯಾಗಿಯೇ ಇರುತ್ತದೆ. ಒತ್ತಿ ನೋಡುವ ಬೆರಳಿಗೇ ಮೋಸ!

“ಹಸಿ ಮೀನ ಬ್ಯಾಡಪಾ, ಡಬ್ಬಿ ತಾ” ಎಂದರು ಅಪ್ಪ. ಸೈನ್ಯದಲ್ಲಿದ್ದಾಗ ತಿಂದ ಡಬ್ಬಿ ಮೀನಿನ ರುಚಿ ಅವರ ನಾಲಗೆಯಲ್ಲಿ ಉಳಿದಿತ್ತು. ಮುಚ್ಚಿದ ಡಬ್ಬಿಯಲ್ಲೇ ಹೆಚ್ಚಿನ ಶಾಖದಲ್ಲಿ ಬೇಯಿಸಿದ ಮೀನಿಗೆ ಇಂಥ ಔಷಧಿಯ ಹಂಗಿಲ್ಲ ಎಂಬ ಧೈರ್ಯ ನನಗೂ ಇತ್ತು.

ಖಾನಾಪುರದ ಪೇಟೆಯಲ್ಲಿ ನಮ್ಮ ಉದ್ರಿ ಪುಸ್ತಕವಿದ್ದ ಅಂಗಡಿಯಿಂದಲೇ ತಂದೆ. ಅಂಗಡಿಯವರನ್ನು ನಾವು ಕಾಕಾ ಎನ್ನುತ್ತಿದ್ದೆವು. ನನ್ನ ಕಾಲೇಜಿನ ಫೀಗೆ ಅಪ್ಪನ ಮನಿಯಾರ್ಡರ್ ತಡವಾದ ವರ್ಷ ಗಲ್ಲಾಪೆಟ್ಟಿಗೆಯಿಂದ ಹಣ ತೆಗೆದುಕೊಟ್ಟ ಮನುಷ್ಯ.

ಕಿವಿರು ನೋಡುವ ಅಭ್ಯಾಸ ಎಲ್ಲಿ ಹೋಗಬೇಕು? ಅಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಾರೀಖಿನ ಚೀಟಿಯ ಅಂಚು ಉಗುರಿಗೆ ಸಿಕ್ಕಿತು. ಕೆಳಗೆ ಇನ್ನೊಂದು ಚೀಟಿ! ಅದರ ಪ್ರಕಾರ ಅವಧಿ ಮುಗಿದು ಆರು ತಿಂಗಳಾಗಿತ್ತು.

“ಎಸೆದು ಬಿಡೋಣ” ಎಂದೆ ನಾನು. ಅಪ್ಪ ಒಪ್ಪಲಿಲ್ಲ. ಇನ್‌ಲ್ಯಾಂಡ್ ಪತ್ರದ ಕಾಲದ ದುಂಡಕ್ಷರದಲ್ಲಿ ದೂರು ಬರೆದರು.

ಅಧಿಕಾರಿ ಬಂದ ದಿನ ನಾನು ರಜೆ ಹಾಕಿ ಊರಿನಲ್ಲಿದ್ದೆ. 2006ರ ಆಹಾರ ಸುರಕ್ಷತೆ ಕಾನೂನಿನಂತೆ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ವಿಶ್ಲೇಷಕರಿಗೆ, ಎರಡು ಇಲಾಖೆಯ ಸುಪರ್ದಿಗೆ. ಅಂಗಡಿಯವರು ಕೇಳಿಕೊಂಡರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ಎದುರಿಗೆ ನಿಂತು ಸಹಿ ಹಾಕಲು ಸಾಕ್ಷಿ ಬೇಕು. ಆಗ ನೋಡಬೇಕಿತ್ತು ಪೇಟೆಯನ್ನು! ಒಬ್ಬರಿಗೆ ಲೋಂಡಾ ಬಸ್ಸು, ಇನ್ನೊಬ್ಬರಿಗೆ ಒಲೆಯ ಮೇಲಿಟ್ಟ ಹಾಲು.

ಅಧಿಕಾರಿ ನನ್ನತ್ತ ನೋಡಿದರು. ಕಾಕಾನೂ ನೋಡಿದ. “ಮೀನ ಕೆಟ್ಟಿಲ್ಲೋ ತಮ್ಮಾ, ಚೀಟಿ ಅಷ್ಟ ಬದಲ್ ಮಾಡೇನಿ” ಎಂದ, ನನಗಷ್ಟೇ ಕೇಳುವಂತೆ.

ಚೀಟಿ ಅಷ್ಟೇ. ಆದರೆ ಡಬ್ಬಿಯೊಳಗಿನ ಮೀನಿನ ಕಿವಿರು ಎತ್ತಿ ನೋಡುವವರು ಯಾರು? ಕೊಳ್ಳುವವನಿಗೆ ಆ ಚೀಟಿಯೇ ಕಣ್ಣು, ಅದೇ ಮೂಗು. ಅದಕ್ಕೇ ಕಾನೂನು ಮೀನು ಚೆನ್ನಾಗಿದ್ದರೂ ಸುಳ್ಳು ಚೀಟಿಯನ್ನು ಬೇರೆಯೇ ತಪ್ಪೆಂದು ಎಣಿಸುತ್ತದೆ. ಮೂರು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಇದೆಲ್ಲ ನಿಂತಿರುವುದು ನೆರೆಮನೆಯವನೊಬ್ಬನ ಸಹಿಯ ಮೇಲೆ ಎಂಬುದು ಅಂದೇ ನನಗೆ ತಿಳಿದದ್ದು.

ಸಹಿ ಹಾಕಿದೆ. ಅಕ್ಷರ ನನ್ನದೆನ್ನುವಂತೆ ಇರಲಿಲ್ಲ.

ಮೀನು ನಿಜಕ್ಕೂ ಕೆಟ್ಟಿರಲಿಲ್ಲವಂತೆ. ದಂಡ ಬಿದ್ದದ್ದು ಚೀಟಿಗೆ. ಕಾಕಾ ಕಟ್ಟಿದ.

ಅಪ್ಪ ಇರುವವರೆಗೂ ಆ ಅಂಗಡಿ ಬಿಡಲಿಲ್ಲ. ಉದ್ರಿ ಪುಸ್ತಕ ಹಿಡಿದು ಹೋಗುವರು. ಕಾಕಾ ಪ್ರತಿಯೊಂದು ಪೊಟ್ಟಣವನ್ನೂ ತಾರೀಖು ಕಾಣುವಂತೆ ತಿರುಗಿಸಿ ಮುಂದಿಡುವನು. ಇಬ್ಬರೂ ಚಹಾ ಕುಡಿಯುವರು. ಅಂಗಡಿಯ ಕಟ್ಟೆ ಹತ್ತಲಾಗದೆ ಎದುರಿನ ರಸ್ತೆಯಲ್ಲಿ ನಿಂತು ಕಾಯುತ್ತಿದ್ದವನು ನಾನೊಬ್ಬನೇ.